ಮನೆ ಓಗೊಡುವ ಸ್ವರ

ನಮ್ಮ ಊರಿನ ಜಗಲಿಗಳು ಅಗಲ. ಬೇರೆ ಕಡೆಯಿಂದ ಬಂದವರು ಅದನ್ನು ನೋಡಿ, ಇಲ್ಲಿಯವರಿಗೆ ಹರಟೆ ಜಾಸ್ತಿ ಅಂದುಕೊಳ್ಳುತ್ತಾರೆ. ರಾತ್ರಿ ನಡುಮನೆಯಲ್ಲಿ ಮಲಗಿ, ಬೆಳಗ್ಗೆ ಜಗಲಿಯ ಮೇಲೆ ಕಣ್ಣು ಬಿಟ್ಟಾಗ ಅವರಿಗೆ ನಿಜವಾದ ಕಾರಣ ತಿಳಿಯುತ್ತದೆ. ತನಗೆ ಸೇರದವರನ್ನು ಮನೆ ಒಳಗೆ ಇಟ್ಟುಕೊಳ್ಳುವುದಿಲ್ಲ. ಎಚ್ಚರವಿರುವಷ್ಟು ಹೊತ್ತು ಒಳಗೆ ಎಲ್ಲಿ ಬೇಕಾದರೂ ಕೂರಬಹುದು, ಉಣ್ಣಬಹುದು, ಇಸ್ಪೀಟು ಆಡಬಹುದು. ನಿದ್ದೆ ಹತ್ತಿತೋ, ಬೆಳಗಾಗುವಷ್ಟರಲ್ಲಿ ಹಾಸಿಗೆ ಸಮೇತ ಹೊರಗೆ. ಅದಕ್ಕೇ ನೆಂಟರು ಬಂದರೆ ನಾವು ಮೊದಲೇ ಜಗಲಿಗೆ ಚಾಪೆ ಹಾಸಿ, ಪರದೆ ಇಳಿಬಿಟ್ಟು, ತಲೆದೆಸೆಯಲ್ಲಿ ಒಂದು ಚೊಂಬು ನೀರು ಇಡುತ್ತೇವೆ. ಅದರಲ್ಲಿ ಅವಮಾನವೇನಿಲ್ಲ. ಚಳಿಗಾಲದಲ್ಲಿ ನೆಂಟರು ಕಡಿಮೆ, ಅಷ್ಟೇ.

ಮನೆಯಲ್ಲಿ ಹುಟ್ಟಿದವರನ್ನು ಮನೆ ತಾನಾಗಿ ಇಟ್ಟುಕೊಳ್ಳುತ್ತದೆ. ಮದುವೆಯಾಗಿ ಬಂದವರಿಗೆ, ದತ್ತು ಬಂದವರಿಗೆ, ಬಾಡಿಗೆಗೆ ಬಂದವರಿಗೆ ಊದಿಸಬೇಕು. ಪ್ರತಿ ಮನೆಗೂ ತನ್ನದೇ ಒಂದು ಸ್ವರ ಇದೆ. ಹೊಸಬರನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಬೀದಿಯಲ್ಲಿ ನಿಂತು ಕ್ಲಾರಿಯೊನೆಟ್ಟಿನಲ್ಲಿ ಆ ಸ್ವರವನ್ನು ಸರಿಯಾಗಿ ಹಿಡಿದರೆ ಮನೆ ಓಗೊಡುತ್ತದೆ. ಕಿಟಕಿಯ ಸರಳು, ಬಾಗಿಲ ಚಿಲಕ, ಗೂಡಿನಲ್ಲಿಟ್ಟ ಲೋಟ, ಕಾಲಡಿಯ ಕಲ್ಲು ಎಲ್ಲ ಒಟ್ಟಿಗೆ ಗುಂಯ್ ಅನ್ನುತ್ತವೆ. ಆಗ ಹೊಸ್ತಿಲು ದಾಟಿದವರು ಆ ಮನೆಯವರಾಗುತ್ತಾರೆ. ಅದೇ ಗಳಿಗೆಯಿಂದ ಅವರ ಹಳೇ ಮನೆ ಅವರನ್ನು ಬಿಡುತ್ತದೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದರೂ ಮಲಗುವುದು ಜಗಲಿಯಲ್ಲೇ. ಹಿಂದೆ ಯಾರೋ ಕೊಳಲಿನಲ್ಲಿ, ನಾಗಸ್ವರದಲ್ಲಿ ಪ್ರಯತ್ನಿಸಿದ್ದರಂತೆ. ಮನೆಗಳು ಕೇಳಿಸಿಕೊಂಡಂತೆಯೇ ಮಾಡಲಿಲ್ಲವಂತೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಪಾಠ ಬರುತ್ತಿತ್ತು. ಆದರೆ ಎದ್ದು ನಿಂತು ಓದು ಅಂದರೆ, ನಲವತ್ತು ಮುಖಗಳು ನನ್ನ ಕಡೆ ತಿರುಗಿದರೆ, ದವಡೆ ಬಿಗಿದುಕೊಂಡುಬಿಡುತ್ತಿತ್ತು. ಮೇಡಂ ಎರಡು ವರ್ಷ ಕಾದರು, ಆಮೇಲೆ ಬೈದರು, ಆಮೇಲೆ ನಾನು ಹೋಗುವುದನ್ನೇ ನಿಲ್ಲಿಸಿದೆ. ಅಮ್ಮ ಆಗ ಇದ್ದಳು. ಸುಮ್ಮನೆ ಕೂರಬೇಡ ಎಂದು ನನ್ನನ್ನು ಚೌರಪ್ಪ ಮೇಷ್ಟ್ರ ಮನೆಗೆ ಹೊಲಿಗೆಗೆ ಕಳಿಸಿದಳು. ಊರಿನ ಬ್ಯಾಂಡ್ ಸೆಟ್ ಮೇಷ್ಟ್ರದು. ಹದಿನಾಲ್ಕು ಕೆಂಪು ಕೋಟುಗಳಿಗೆ ಗುಂಡಿ ಹೊಲಿಯುವುದು, ಜರಿಪಟ್ಟಿ ಕೂರಿಸುವುದು, ಬೆವರಿಗೆ ಹರಿದ ಕಂಕುಳನ್ನು ಸರಿಮಾಡುವುದು ನನ್ನ ಕೆಲಸ. ಅಲ್ಲಿ ಯಾರೂ ನನ್ನನ್ನು ಎದ್ದು ನಿಲ್ಲು ಅನ್ನಲಿಲ್ಲ. ಮೂಲೆಯಲ್ಲಿ ಕೂತು ಒಂಬತ್ತು ವರ್ಷ ಎಲ್ಲವನ್ನೂ ನೋಡಿದೆ.

ಮನೆಗಳಿಗೆ ಊದುತ್ತಿದ್ದವರು ಮೇಷ್ಟ್ರೊಬ್ಬರೇ. ಅವರ ಕೋಣೆಯ ಗೋಡೆಗೆ ಅಡ್ಡಲಾಗಿ ಒಂದು ತಂತಿ ಕಟ್ಟಿತ್ತು. ಅದರಲ್ಲಿ ಪೋಸ್ಟ್‌ಕಾರ್ಡುಗಳನ್ನು ಅಂಟಿಸಿ, ಕತ್ತರಿಸಿ ಮಾಡಿದ ಉಂಗುರಗಳು ನೇತಾಡುತ್ತಿದ್ದವು, ಒಂದೊಂದರ ಮೇಲೂ ಒಂದೊಂದು ಮನೆಯ ಹೆಸರು. ಕ್ಲಾರಿಯೊನೆಟ್ಟಿನ ಬಾಯಿಯ ಕೆಳಗೆ ಒಂದು ಗಿಡ್ಡ ತುಂಡು ಇರುತ್ತದೆ. ಅದನ್ನು ಸ್ವಲ್ಪ ಹೊರಗೆ ಎಳೆದರೆ ಸ್ವರ ಇಳಿಯುತ್ತದೆ. ಎಷ್ಟು ಎಳೆಯಬೇಕು ಎಂಬುದಕ್ಕೆ ಆ ಸಂದಿನಲ್ಲಿ ಕೂರಿಸುವ ಅಳತೆ ಈ ಉಂಗುರ.

ಈಗ ಗಿರಿಜಕ್ಕನ ವಿಷಯ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಗಾಣದ ಬೀದಿಯ ಮನೆಗೆ ಕೊಟ್ಟು ಐದು ವರ್ಷವಾಗಿತ್ತು. ಗೌರಿ ಹಬ್ಬಕ್ಕೆ ಬಂದು ಎರಡು ದಿನ ನಮ್ಮ ಜಗಲಿಯಲ್ಲಿ ಮಲಗಿ, ನಗುನಗುತ್ತಾ ಬಾಗಿನ ತೆಗೆದುಕೊಂಡು ಹೋದಳು. ಮರುದಿನ ಬೆಳಗ್ಗೆ ಗಂಡನ ಮನೆಯ ಜಗಲಿಯ ಮೇಲೆ ಎದ್ದಳು. ತನ್ನ ಕೋಣೆಯಲ್ಲಿ, ತನ್ನ ಹಾಸಿಗೆಯಲ್ಲಿ ಮಲಗಿದವಳು. ಎದುರುಮನೆಯವರು ಬಂದು ಎಬ್ಬಿಸಿದರಂತೆ. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವಳು ಇಲ್ಲದ ಎರಡು ದಿನದಲ್ಲಿ ಭಾವ ಇನ್ನೊಬ್ಬಳನ್ನು ಕರೆತಂದು ಆ ಮನೆಗೆ ಊದಿಸಿದ್ದ. ಒಂದು ಮನೆ ಒಬ್ಬನಿಗೆ ಇಬ್ಬರು ಹೆಂಡಿರನ್ನು ಇಟ್ಟುಕೊಳ್ಳುವುದಿಲ್ಲ. ಅಕ್ಕ ಬಾಗಿಲು ಕೂಡ ತಟ್ಟದೆ, ಹಾಸಿಗೆ ಸುತ್ತಿಕೊಂಡು ನಮ್ಮಲ್ಲಿಗೆ ಬಂದಳು.

ಅಂದಿನಿಂದ ಅವಳು ಯಾವ ಮನೆಗೂ ಸೇರದವಳಾದಳು. ಹಗಲೆಲ್ಲ ನಮ್ಮ ಜೊತೆ ಒಳಗೇ ಇರುತ್ತಿದ್ದಳು, ಅಣ್ಣನ ಮಕ್ಕಳಿಗೆ ಜಡೆ ಹಾಕುತ್ತಿದ್ದಳು, ಹಿಟ್ಟು ನಾದುತ್ತಿದ್ದಳು. ಬೆಳಗಾದರೆ ಜಗಲಿ. ಎರಡು ದಿನಕ್ಕೆ ಬಂದ ನೆಂಟರಿಗೆ ಜಗಲಿ ಬೇರೆ, ಹೋಗುವುದಕ್ಕೆ ಜಾಗವಿಲ್ಲದವಳಿಗೆ ಬೇರೆ. ಹಾಲಿನವನು, ಪೇಪರಿನವನು, ಕಸದವಳು ಎಲ್ಲರೂ ಅವಳ ನಿದ್ದೆಯ ಮುಖ ನೋಡುತ್ತಿದ್ದರು. ಪಂಕಜತ್ತಿಗೆ ಒಂದು ವಾರ ನೋಡಿ, ಅಣ್ಣನಿಗೆ ಹೇಳಿದಳು: "ಏನ್ರೀ, ದಿನಾ ಬೆಳಿಗ್ಗೆ ಈ ಹುಡುಗೀನ ದಾಟ್ಕೊಂಡು ಹೋಗಿ ರಂಗೋಲಿ ಹಾಕೋಕೆ ನನ್ ಕೈಲಾಗಲ್ಲ. ಮೇಷ್ಟ್ರನ್ನ ಕರ್ಕೊಂಡು ಬನ್ನಿ."

ಅಣ್ಣ ಹೋದ. ನಾನು ಅಲ್ಲೇ ಕೋಟು ಹೊಲಿಯುತ್ತಾ ಕೂತಿದ್ದೆ. ಮೇಷ್ಟ್ರು ಆ ವಾರವೆಲ್ಲ ನನ್ನ ಮುಖ ನೋಡಿರಲಿಲ್ಲ. ಅಣ್ಣನಿಗೂ ಗೋಡೆ ನೋಡಿಕೊಂಡೇ ಹೇಳಿದರು. "ಮಾದೇವಾ, ಗಾಣದ ಬೀದೀಲಿ ಅವತ್ತು ಊದಿದ್ದು ನಾನೇ. ಬಾಡಿಗೆಯವರು ಅಂದ್ರು. ಹೊಸ್ತಿಲ ಮೇಲೆ ನಿಂತಿದ್ದೋಳು ಮುಖದ ಮೇಲೆ ಸೆರಗು ಎಳ್ಕೊಂಡಿದ್ಲು. ಯಾರಮ್ಮಾ ನೀನು ಅಂತ ಕೇಳ್ಬೇಕಾಗಿತ್ತು. ಕೇಳ್ಲಿಲ್ಲ."

"ಆದದ್ದಾಯ್ತು ಮೇಷ್ಟ್ರೇ. ಈಗ ನಮ್ಮನೆಗೆ ಒಂದ್ಸಲ ಊದಿ."

"ಕೊಟ್ಟ ಹೆಣ್ಣನ್ನ ಹುಟ್ಟಿದ ಮನೆಗೇ ತಿರುಗಿ ಸೇರಿಸಿದ್ದು ಈ ಊರಲ್ಲಿ ಇಲ್ಲ. ಸೇರಿಸಬಾರ್ದು ಅಂತ ಏನೂ ಇಲ್ಲ, ಯಾರೂ ಕೇಳಿಲ್ಲ ಅಷ್ಟೇ. ಆದ್ರೆ ನೋಡಿಲ್ಲಿ." ಮೇಷ್ಟ್ರು ಬಾಯಿ ತೆರೆದು ತೋರಿಸಿದರು. ಮೇಲಿನ ಎರಡು ಮುಂದಿನ ಹಲ್ಲು ಇರಲಿಲ್ಲ. ಮೇಲಿನ ಹಲ್ಲು ಊರಿದರೆ ತಾನೇ ಕ್ಲಾರಿಯೊನೆಟ್ ಬಾಯಲ್ಲಿ ನಿಲ್ಲುವುದು. "ಗಾಣದ ಬೀದೀಲಿ ಊದಿ ಬಂದ ವಾರದಲ್ಲೇ ಹೋದ್ವು. ಜನ ದೇವರ ಶಿಕ್ಷೆ ಅಂತಾರೆ. ನಮ್ಮವಳ ಚಕ್ಕುಲಿ ಅಂತೀನಿ ನಾನು."

"ನಾಲ್ಕು ಚಕ್ಕುಲಿ ಬಾಯಿ ಚಪ್ಪರಿಸ್ಕೊಂಡು ತಿಂದು ಐದನೇದಕ್ಕೆ ನನ್ ಹೆಸ್ರು ಹೇಳಿ!" ಎಂದು ಒಳಗಿನಿಂದ ಅವರ ಹೆಂಡತಿ ಜ್ಞಾನಮ್ಮ ಕೂಗಿದರು.

ಹೀಗೆ ನಮ್ಮ ಊರಿಗೆ ಊದುವವರಿಲ್ಲದ ಹಾಗಾಯಿತು. ಬೇರೆ ಊರಿನವರು ಊದಿದರೆ ಮನೆಗಳು ಓಗೊಡುವುದಿಲ್ಲ. ಎರಡು ಮದುವೆಗಳು ಮುಂದಕ್ಕೆ ಹೋದವು. ಮೂರನೆಯವರು ತಡೆಯಲಾರದೆ ತಾಳಿ ಕಟ್ಟಿಸಿಯೇಬಿಟ್ಟರು. ಆ ಗಂಡುಹೆಣ್ಣು ಒಂದೇ ಜಗಲಿಯ ಮೇಲೆ ಪರದೆಯೊಳಗೆ ಸಂಸಾರ ಶುರುಮಾಡಿದ್ದು ಊರಿಗೆಲ್ಲ ತಮಾಷೆಯಾಯಿತು. ಮೇಷ್ಟ್ರು ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದ ಬಸವಣ್ಣಿಗೆ ಕ್ಲಾರಿಯೊನೆಟ್ ಕೊಟ್ಟು, ಊರಾಚೆ ಹಾಳುಬಿದ್ದ ಸುಣ್ಣದ ಗೂಡಿನಲ್ಲಿ ಕಲಿಸಲು ಕೂತರು. ಕೋಟುಗಳ ಗಂಟು ಹೊತ್ತು ನಾನೂ ಹೋಗಿ ಅಲ್ಲೇ ಮೂಲೆಯಲ್ಲಿ ಹೊಲಿಯುತ್ತಿದ್ದೆ. ಕಾಲಿನಿಂದ ಒತ್ತುವ ಹಾರ್ಮೋನಿಯಂನಲ್ಲಿ ಒಂದು ಸ್ವರ ಹಿಡಿದು, ಅದಕ್ಕೆ ಸೇರಿಸು ಅನ್ನುತ್ತಿದ್ದರು. ಬಸವಣ್ಣಿ ಊದಿ ಊದಿ ಬೆವರುತ್ತಿದ್ದ. ಹತ್ತನೇ ದಿನ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, ಬೆರಳು ಮಾಡಿ ನನ್ನನ್ನು ತೋರಿಸಿದರು.

"ಇನ್ನೊಂದ್ಸಲ ಊದು. ಆದ್ರೆ ನನ್ ಮುಖ ನೋಡ್ಬೇಡ, ಅವಳ ಕೈ ನೋಡು. ಅವಳ ಸೂಜಿ ನಿಂತಾಗೆಲ್ಲ ನೀನು ತಪ್ಪಿದ್ದೀಯ. ಹತ್ತು ದಿನದಿಂದ ನೋಡ್ತಾ ಇದ್ದೀನಿ, ಒಂದ್ಸಲವೂ ಈ ಹುಡುಗಿ ಮೋಸ ಹೋಗಿಲ್ಲ."

ಬಸವಣ್ಣಿ ನಕ್ಕ. "ವಿಶಾಲು ಊದ್ತಾಳಾ ಮೇಷ್ಟ್ರೇ? ಉಫ್ ಅಂತ ದೀಪ ಆರಿಸೋಕೂ ನಾಚ್ಕೊಳ್ಳೋ ಪ್ರಾಣಿ ಅದು."

ನಾನು ತಲೆ ಎತ್ತಲಿಲ್ಲ. ಆದರೆ ಮನಸ್ಸಿನಲ್ಲಿ ಅಕ್ಕನ ಹಾಸಿಗೆ ಬಂತು. ಎಷ್ಟು ಒಗೆದರೂ ಅದಕ್ಕೆ ಬೀದಿಯ ಧೂಳಿನ ವಾಸನೆ. ಕೋಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಕೈ ಚಾಚಿದೆ.

ಕಲಿಯುವವರು ಊರೊಳಗೆ ಊದುವ ಹಾಗಿಲ್ಲ. ಯಾವ ಕಾಲದಲ್ಲೋ ಒಬ್ಬ ತನ್ನ ಬೀದಿಯಲ್ಲೇ ಅಭ್ಯಾಸ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಪಕ್ಕದ ಮನೆಯ ಸ್ವರ ಸಿಕ್ಕಿಬಿಟ್ಟಿತಂತೆ. ಸರಿಯಾಗಿ ಆ ಗಳಿಗೆಯಲ್ಲಿ ಬಳೆಗಾರನೊಬ್ಬ ಆ ಹೊಸ್ತಿಲು ದಾಟಿದ್ದನಂತೆ. ಪಾಪ, ಅವನು ಹದಿನಾರು ವರ್ಷ ಅವರ ಮನೆಯಲ್ಲೇ ಇದ್ದು ಕಣ್ಣು ಮುಚ್ಚಿದನಂತೆ, ಆ ಮನೆಯ ಹೆಂಗಸರಿಗೆ ಕೊನೆಯವರೆಗೂ ಬಳೆಗೆ ಬರವಿರಲಿಲ್ಲವಂತೆ. ಆದ್ದರಿಂದ ನನ್ನ ಪಾಠವೂ ಆ ಸುಣ್ಣದ ಗೂಡಿನಲ್ಲೇ. ಮೇಷ್ಟ್ರು ಹಾರ್ಮೋನಿಯಂ ಅನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಳ್ಳುತ್ತಿದ್ದರು. ನಾನು ಕ್ಲಾರಿಯೊನೆಟ್ಟನ್ನು ಸೆರಗಿನೊಳಗೆ ಸುತ್ತಿ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದೆ. ಸೆರಗಿನ ಮರೆ ನಾಚಿಕೆಗಲ್ಲ. ತಣ್ಣಗಿದ್ದರೆ ಅದರ ಸ್ವರ ಇಳಿದಿರುತ್ತದೆ, ಮೈ ಬಿಸಿ ತಾಗಿದರೆ ತನ್ನ ಜಾಗಕ್ಕೆ ಬರುತ್ತದೆ.

ಮೊದಲ ತಿಂಗಳು ಬಂದದ್ದು ಕೀಚಲು ಶಬ್ದ ಮಾತ್ರ. ಕೆಳತುಟಿಯ ಒಳಗೆ ಹಲ್ಲಿನ ಗುರುತು ಕೂತು, ಸಾರು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಸ್ವರ ಹೊರಟ ಮೇಲೆ ಬೇರೆ ಕಷ್ಟ. ನನ್ನದು ಯಾವಾಗಲೂ ಏರು. ಹಾರ್ಮೋನಿಯಂ ಒಂದು ಕಡೆ, ನಾನು ಕೂದಲೆಳೆ ಮೇಲೆ. "ಕಚ್ತಾ ಇದ್ದೀಯ," ಅನ್ನುತ್ತಿದ್ದರು ಮೇಷ್ಟ್ರು. "ತುಟಿ ಮೇಲಿರೋ ಈ ಬೆತ್ತದ ರೀಡು ಬೆದರಿದ ಮಗು ಇದ್ದ ಹಾಗೆ. ಅಮುಕಿದರೆ ಕಿರುಚುತ್ತೆ. ದವಡೆ ಬಿಡು. ಗಾಳಿ ಮಾತ್ರ ಗಟ್ಟಿ ಇರಲಿ." ದವಡೆ ಬಿಟ್ಟರೆ ಗಾಳಿಯೂ ಬಿಟ್ಟುಹೋಗುತ್ತಿತ್ತು, ಸ್ವರ ಜೋಲುತ್ತಿತ್ತು. ಗಾಳಿ ಹಿಡಿದರೆ ದವಡೆಯೂ ಹಿಡಿದುಕೊಳ್ಳುತ್ತಿತ್ತು. ಈ ಎರಡನ್ನೂ ಬೇರೆಬೇರೆ ಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಸೇರುವುದು ಅಂದರೇನು ಎಂದು ತಿಳಿದದ್ದು ಒಂದು ಮಧ್ಯಾಹ್ನ. ಎರಡು ಸ್ವರ ಹತ್ತಿರ ಬಂದರೂ ಒಂದಾಗದೆ ಇದ್ದರೆ ನಡುವೆ ಒಂದು ಅಲೆ ಏಳುತ್ತದೆ, ವೋಂ ವೋಂ ವೋಂ ಎಂದು. ದೂರ ಇದ್ದರೆ ಅಲೆ ಬೇಗ ಬೇಗ ಬಡಿಯುತ್ತದೆ, ಹತ್ತಿರ ಬಂದ ಹಾಗೆ ನಿಧಾನವಾಗುತ್ತದೆ. ಅವತ್ತು ನಾನು ಊದುತ್ತಿದ್ದ ಹಾಗೆ ಆ ಅಲೆ ಉದ್ದವಾಗುತ್ತಾ, ಉದ್ದವಾಗುತ್ತಾ ಬಂದು ಪೂರ್ತಿ ನಿಂತುಹೋಯಿತು. ಹಾರ್ಮೋನಿಯಂ ಎಲ್ಲಿ, ನಾನು ಎಲ್ಲಿ ಗೊತ್ತಾಗಲಿಲ್ಲ. ಗಾಬರಿಯಾಗಿ ಬಾಯಿ ತೆಗೆದೆ. ಮೇಷ್ಟ್ರು ಕಾಲು ಒತ್ತುವುದನ್ನು ನಿಲ್ಲಿಸಿರಲಿಲ್ಲ. "ಸಿಕ್ತಲ್ಲ," ಅಂದರು. "ಯಾಕೆ ಬಿಟ್ಟೆ?"

ಏಳನೇ ತಿಂಗಳಲ್ಲಿ ಅವರು ತಂತಿಯಿಂದ ನಮ್ಮ ಮನೆಯ ಉಂಗುರ ಬಿಚ್ಚಿಕೊಟ್ಟರು. ಪಂಕಜತ್ತಿಗೆ ಮದುವೆಯಾಗಿ ಬಂದ ದಿನ ಮಾಡಿದ್ದು, ಆರು ವರ್ಷ ಹಳೆಯದು. ಅದನ್ನು ಕೂರಿಸಿ ಸುಣ್ಣದ ಗೂಡಿನಲ್ಲಿ ಹತ್ತು ದಿನ ಅದೊಂದೇ ಸ್ವರ ಊದಿದೆ. ಕಣ್ಣು ಮುಚ್ಚಿದರೂ ಅದೇ ಬರಬೇಕು ಅನ್ನುವಷ್ಟು ಊದಿದೆ. ನಮ್ಮ ಮನೆಗೆ ಊದುವ ದಿನ ಮೇಷ್ಟ್ರಿಗೆ ಜ್ವರ. "ನೀನೇ ಹೋಗು. ಗೊತ್ತಿರೋ ಮನೆ ತಾನೇ," ಅಂದರು.

ಬೀದಿಯೆಲ್ಲ ಸೇರಿತ್ತು. ಅಣ್ಣ ಬಾಗಿಲಲ್ಲಿ ನಿಂತು ಪದ್ಧತಿಯ ಪ್ರಕಾರ "ಊದಿ" ಅಂದ. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು, ಹಸಿರು ಸೀರೆ ಉಟ್ಟು. ಎದುರುಮನೆ ಸಾಕಮ್ಮ ತನ್ನ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಬಟಾಣಿ ಬಿಡಿಸುತ್ತಿದ್ದಳು. ನಾನು ಕ್ಲಾರಿಯೊನೆಟ್ ಎತ್ತಿದೆ, ಸ್ವರ ಊದಿದೆ. ಒಂದು ಎಳೆ ಕೂಡ ಹೆಚ್ಚುಕಡಿಮೆ ಇಲ್ಲದ ಹಾಗೆ ಬಂತು. ಒಳಗಿನಿಂದ ಗುಂಯ್ ಎಂದು ಶಬ್ದ ಬಂದದ್ದು ಎಲ್ಲರಿಗೂ ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು. ನಾನು ತಕ್ಷಣ ನಿಲ್ಲಿಸಿ ತಲೆ ತಗ್ಗಿಸಿದೆ. ಅಕ್ಕ ಒಳಗೆ ಹೋದಳು. ಅಷ್ಟೂ ಮುಗಿಯಲು ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ನಿಜ ಹೇಳಬೇಕು. ನಿಲ್ಲಿಸಿದ ಗಳಿಗೆಯಲ್ಲೇ ನನಗೆ ಒಂದು ಅನುಮಾನ ಇತ್ತು. ಕಿಟಕಿಯ ಸರಳು ಮಾತಾಡಿರಲಿಲ್ಲ. ಚಿಲಕ ಸುಮ್ಮನಿತ್ತು. ಕಾಲಿಗೆ ಏನೂ ತಾಗಿರಲಿಲ್ಲ. ಆದರೆ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು, ಗುಂಯ್ ಅನ್ನುವುದೊಂದು ಕೇಳಿಸಿತ್ತು, ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಬೆಳಗ್ಗೆ ಅಕ್ಕ ಜಗಲಿಯ ಮೇಲಿದ್ದಳು. ಈ ಸಲ ಪರದೆಯೂ ಇಳಿಬಿಟ್ಟಿರಲಿಲ್ಲ, ಚಾಪೆಯೂ ಇರಲಿಲ್ಲ. ನಡುಮನೆಯ ಹೊಸ ಹಾಸಿಗೆಯ ಮೇಲೆ ಬೀದಿಯ ಮುಂದೆ ಮಲಗಿದ್ದಳು. ಹಿಂದಿನ ದಿನ ಓಗೊಟ್ಟದ್ದು ಬಚ್ಚಲುಮನೆಯ ತಾಮ್ರದ ಹಂಡೆ ಎಂದು ಅತ್ತಿಗೆಯೇ ಪತ್ತೆ ಮಾಡಿದಳು. ನೀರು ಅರ್ಧ ಇದ್ದರೆ ಅದು ಯಾವ ಸದ್ದಿಗೂ ಗುಂಯ್ಗುಡುತ್ತದೆ. ಅವಳ ಮಗಳ ಕೆಮ್ಮಿಗೂ ಗುಂಯ್ಗುಟ್ಟಿತು.

ಸಾಕಮ್ಮ ಎದುರಿನಿಂದ ಕೂಗಿದಳು: "ಅಯ್ಯೋ ವಿಶಾಲೂ, ನಿಮ್ಮಕ್ಕನ್ನ ಹಂಡೆಗೆ ಸೇರಿಸಿದ್ದೀಯಲ್ಲೇ! ಇವತ್ತಿಂದ ಅದರೊಳಗೇ ಮಲಗಿಸು, ಬೆಚ್ಚಗೂ ಇರುತ್ತೆ!" ಬೀದಿ ನಕ್ಕಿತು. ಅಕ್ಕನೂ ನಕ್ಕಳು. ಆ ನಗು ನನಗೆ ಸಾಕಮ್ಮನ ಮಾತಿಗಿಂತ ಜಾಸ್ತಿ ಚುಚ್ಚಿತು.

ಒಳಗೆ ಬಂದು ಅಕ್ಕ ಮೆಲ್ಲಗೆ ಹೇಳಿದಳು. "ಸಾಕು ಕಣೇ. ನೀನು ತುಟಿ ಹರ್ಕೊಂಡಿದ್ದು ಸಾಕು. ಘಟ್ಟದ ಆಚೆ ಹೊಲಿಗೆ ಕಾರ್ಖಾನೆ ಇದೆಯಂತೆ, ಹೆಂಗಸರು ಇರೋಕೆ ಹಾಸ್ಟೆಲ್ಲೂ ಇದೆಯಂತೆ. ಅಲ್ಲಿನ ಮನೆಗಳು ಯಾರನ್ನೂ ಯಾರು ನೀನು ಅಂತ ಕೇಳಲ್ವಂತೆ. ಭಾನುವಾರ ಎಂಟೂವರೆ ಬಸ್ಸಿಗೆ ಹೋಗ್ತೀನಿ."

"ಅಲ್ಲಿ ನಿಂಗೆ ಯಾರು ಗೊತ್ತು?"

"ಇಲ್ಲಿ ಯಾರು ಗೊತ್ತು?" ಅಂದಳು ಅಕ್ಕ. ಆಮೇಲೆ ತಾನು ಹೇಳಿದ್ದಕ್ಕೆ ತಾನೇ ನಾಚಿ, ನನ್ನ ಕೆನ್ನೆ ಸವರಿದಳು.

ನಾನು ಮೇಷ್ಟ್ರ ಮನೆಗೆ ಹೋದೆ. ಕಂಬಳಿ ಹೊದ್ದು ಗಂಜಿ ಕುಡಿಯುತ್ತಿದ್ದರು. ಹಂಡೆಯ ವಿಷಯ ಅವರಿಗೆ ಆಗಲೇ ತಲುಪಿತ್ತು. ಬೈಯಲಿಲ್ಲ. ಉಂಗುರವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದು ಪಂಕಜಮ್ಮ ಬಂದ ದಿನದ್ದು. ಆಮೇಲೆ ನಿಮ್ಮಮ್ಮ ಹೋದ್ರು. ಎರಡು ಮಕ್ಕಳು ಹುಟ್ಟಿದ್ವು. ಆರು ವರ್ಷ ಮನೆ ಅಲ್ಲೇ ನಿಂತಿರುತ್ತಾ? ಉಂಗುರ ಶುರು ಮಾಡೋಕೆ ಮಾತ್ರ. ಆಮೇಲೆ ಹುಡುಕ್ಬೇಕು. ನಾನು ಊದೋದನ್ನ ಎಷ್ಟು ಸಲ ನೋಡಿದ್ದೀಯ?"

ನೂರು ಸಲ ನೋಡಿದ್ದೆ. ಪ್ರತಿ ಸಲವೂ ಮೊದಮೊದಲು ಕಿವಿಗೆ ಹಿತವಲ್ಲದ, ಮೇಲಕ್ಕೂ ಕೆಳಕ್ಕೂ ಜಾರುವ ಸದ್ದು ಬರುತ್ತಿತ್ತು. ಕ್ಲಾರಿಯೊನೆಟ್ಟನ್ನು ಬಿಸಿ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ.

"ಯಾಕೆ ಅಷ್ಟು ಬೇಗ ನಿಲ್ಲಿಸ್ದೆ?"

"ಜನ ನೋಡ್ತಿದ್ರು."

"ನೋಡ್ತಾರೆ. ಸರಿಯಾಗಿ ಊದೋವಾಗ ಯಾರೂ ಅಷ್ಟು ನೋಡಲ್ಲ. ತಪ್ಪು ತಪ್ಪಾಗಿ ಊದ್ತಾ ಹುಡುಕ್ತೀವಲ್ಲ, ಆಗ ಎಲ್ಲ ಬಿಟ್ಟು ನೋಡ್ತಾರೆ. ಬೀದಿ ಮಧ್ಯೆ ಅಷ್ಟು ಹೊತ್ತು ತಪ್ಪಾಗಿ ನಿಂತಿರೋದೇ ನಮ್ ಕೆಲ್ಸ ಕಣಮ್ಮಾ. ನಲವತ್ತು ವರ್ಷ ನಿಂತಿದ್ದೀನಿ. ಅಭ್ಯಾಸ ಆಗುತ್ತೆ ಅಂತ ಸುಳ್ಳು ಹೇಳಲ್ಲ." ಅವರು ಉಂಗುರವನ್ನು ಗಂಜಿಯ ಬಟ್ಟಲಿನ ಪಕ್ಕ ಇಟ್ಟುಕೊಂಡರು, ವಾಪಸು ಕೊಡಲಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ಅಕ್ಕ ಟ್ರಂಕು ಮುಚ್ಚಿ ಜಗಲಿಗೆ ತಂದಿಟ್ಟಳು. ನಾನು ಕ್ಲಾರಿಯೊನೆಟ್ ಹಿಡಿದು ಬೀದಿಗೆ ಇಳಿದು ನಿಂತೆ. ಅಣ್ಣ ನನ್ನನ್ನು ನೋಡಿದ, ಅಕ್ಕನನ್ನು ನೋಡಿದ, ಅತ್ತಿಗೆಯ ಕಡೆ ತಿರುಗಿದ. ಅತ್ತಿಗೆ ನನ್ನ ಹತ್ತಿರ ಬಂದಳು.

"ವಿಶಾಲು, ಒಂದು ಮಾತು. ಇಂಥದ್ದನ್ನ ಯಾರೂ ಮಾಡಿಲ್ಲ. ಮನೆ ಅವಳನ್ನ ತಗೊಂಡು ನನ್ನ ಬಿಟ್ಬಿಟ್ರೆ?" ಧ್ವನಿ ತಗ್ಗಿಸಿದಳು. "ಅವಳಿಗೆ ಆಯ್ತಲ್ಲ, ಗಾಣದ ಬೀದೀಲಿ. ಅವತ್ತಿಂದ ನಾನು ಕಣ್ಣು ಮುಚ್ಚೋಕೇ ಹೆದರ್ತೀನಿ."

"ಬೇಡ ಅಂದ್ರೆ ಬೇಡ ಅತ್ತಿಗೆ," ಅಂದೆ.

ಅವಳು ಟ್ರಂಕಿನ ಕಡೆ ನೋಡಿದಳು. ಅದಕ್ಕೆ ಬೀಗ ಇರಲಿಲ್ಲ, ಅಕ್ಕ ಸೆಣಬಿನ ಹುರಿ ಕಟ್ಟಿದ್ದಳು. ಅತ್ತಿಗೆ ಅಕ್ಕನ ರಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಲ್ಲಿಸಿದಳು. "ಏನ್ ನೋಡ್ತೀರಿ, ಊದಿ ಅನ್ರೀ," ಎಂದು ಅಣ್ಣನಿಗೆ ಗದರಿದಳು. ಅಣ್ಣ "ಊದಿ" ಅಂದ.

ಊದಿದೆ. ಮೊದಲು ಬಂದದ್ದು ಹಳೇ ಸ್ವರ. ಹಂಡೆ ಗುಂಯ್ ಅಂದಿತು. "ಬಂತು ಹಂಡೆ!" ಎಂದ ಸಾಕಮ್ಮನ ಮಾತಿಗೆ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನಾನು ನಿಲ್ಲಿಸಲಿಲ್ಲ. ಗಿಡ್ಡ ತುಂಡನ್ನು ತುಸು ಎಳೆದು ಮತ್ತೆ ಊದಿದೆ. ಸ್ವರ ಕೆಳಗೆ ಜಾರಿತು, ತಡವರಿಸಿತು, ಕೊಳಕಾಯಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ನಾಯಿಯೊಂದು ಸೇರಿಕೊಂಡು ಊಳಿಟ್ಟಿತು. ಬಸವಣ್ಣಿ ಯಾವಾಗ ಬಂದನೋ, ನಗುವವರಿಗೆ "ಸುಮ್ನಿರ್ರೋ" ಅನ್ನುತ್ತಿದ್ದ. ಉಸಿರು ಮುಗಿದರೆ ಎಳೆದುಕೊಂಡು ಮತ್ತೆ ಊದಿದೆ. ಎಷ್ಟು ಹೊತ್ತೋ ತಿಳಿಯದು. ಕೆನ್ನೆ ಉರಿಯುತ್ತಿತ್ತು, ದವಡೆ ತಾನಾಗಿ ಬಿಗಿಯುತ್ತಿತ್ತು, ಬಿಗಿದಾಗೆಲ್ಲ ಸ್ವರ ಮೇಲಕ್ಕೆ ಓಡಿಹೋಗುತ್ತಿತ್ತು.

ಆಗ ಚಿಲಕ ಒಂದು ಸಲ ಅದುರಿತು. ಬಲು ಸಣ್ಣಗೆ, ಒಂದೇ ಸಲ. ಸ್ವರ ಅದಕ್ಕಿಂತ ಕ್ಷಣದ ಹಿಂದೆ ಎಲ್ಲಿತ್ತು ಎಂದು ಹುಡುಕಿಕೊಂಡು ಹಿಂದಕ್ಕೆ ಬಂದೆ. ಅಲೆ ಸಿಕ್ಕಿತು. ವೋಂವೋಂವೋಂ ಎಂದು ಬೇಗ ಬೇಗ ಬಡಿಯುತ್ತಿತ್ತು, ನನ್ನ ಸ್ವರಕ್ಕೂ ನಮ್ಮ ಮನೆಗೂ ನಡುವೆ. ಮನೆಯ ಸ್ವರ ಇನ್ನೂ ಕೆಳಗಿದೆ ಎಂದು ಗೊತ್ತಾಯಿತು. ತುಂಡನ್ನು ಇನ್ನು ಎಳೆದರೆ ಕಳಚಿ ಬೀಳುತ್ತಿತ್ತು. ಉಳಿದದ್ದು ನನ್ನ ಬಾಯಿ ಮಾತ್ರ. ಅಷ್ಟು ಜನರ ಎದುರಿಗೆ, ಅವರನ್ನು ನೋಡುತ್ತಲೇ, ದವಡೆಯನ್ನು ಬಿಟ್ಟೆ. ಕೆಳತುಟಿ ಜೋತುಬಿದ್ದು ನನ್ನ ಮುಖ ಹೇಗೆ ಕಾಣುತ್ತಿತ್ತೋ ಏನೋ. ಗಾಳಿಯನ್ನು ಬಿಡಲಿಲ್ಲ. ಅಲೆ ನಿಧಾನವಾಯಿತು. ಕಿಟಕಿಯ ಸರಳುಗಳು ಶುರುವಾದವು, ಒಳಗೆ ಲೋಟಗಳು, ನಾಗಂದಿಗೆಯ ಮೇಲಿನ ಡಬ್ಬಿಗಳು, ಬೀಸುವ ಕಲ್ಲು. ಅಂಗಾಲಿಗೆ ಮೆಲ್ಲಗೆ ಏನೋ ತಾಗಿತು. ಅಲೆ ಒಂದು ಸಲ ಉದ್ದವಾಗಿ ಎದ್ದು, ಬಗ್ಗಿ, ನಿಂತಿತು.

ಸಾಕಮ್ಮ ಬಟಾಣಿ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಎದ್ದುನಿಂತಿದ್ದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಹೋಗು ಗಿರಿಜಾ," ಅಂದಳು ಅತ್ತಿಗೆ. ಅಕ್ಕ ಕದಲಲಿಲ್ಲ. ನನಗೆ ಉಸಿರು ಮುಗಿಯುತ್ತಾ ಬಂದಿತ್ತು, ಕಣ್ಣಲ್ಲೇ ಹೋಗು ಹೋಗು ಅನ್ನುತ್ತಿದ್ದೆ. ಅತ್ತಿಗೆ ಅವಳ ಬೆನ್ನಿಗೆ ಕೈ ಹಚ್ಚಿ ಒಳಗೆ ತಳ್ಳಿದಳು. ಅಣ್ಣ ಟ್ರಂಕು ಎತ್ತಿಕೊಂಡು ಹಿಂದೆ ಹೋದ. ನಾನು ಬೀದಿಯಲ್ಲೇ ಕುಕ್ಕರಿಸಿದೆ. ಎಂಟೂವರೆ ಬಸ್ಸು ಮೂಲೆಯಲ್ಲಿ ಹಾರನ್ ಮಾಡಿ, ಸ್ವಲ್ಪ ಕಾದು, ಹೋಯಿತು.

ಆದರೆ ಅದು ಬೆಳಗ್ಗೆ. ಓಗೊಟ್ಟಿತು ಅಂದುಕೊಳ್ಳುವುದು ಬೇರೆ, ಮಲಗಿ ಏಳುವುದು ಬೇರೆ. ಮಲಗುವ ಹೊತ್ತಿಗೆ ಅತ್ತಿಗೆ ತನ್ನ ಸೆರಗಿನ ತುದಿಯನ್ನು ಬೀಸುವ ಕಲ್ಲಿನ ಗೂಟಕ್ಕೆ ಗಂಟು ಹಾಕಿಕೊಂಡು ಅಲ್ಲೇ ಚಾಪೆ ಹಾಸಿದಳು. ಅಣ್ಣ ನಗಲು ಹೋಗಿ, ಅವಳ ಮುಖ ನೋಡಿ ದೀಪ ಆರಿಸಿದ.

ನಾನು ಎದ್ದಾಗ ಕಿಟಕಿಯಲ್ಲಿ ಬೂದು ಬೆಳಕಿತ್ತು. ಅತ್ತಿಗೆ ಆಗಲೇ ಎದ್ದು ಕೂತು ಗಂಟು ಬಿಚ್ಚುತ್ತಿದ್ದಳು. ಅದು ಬಿಗಿದುಹೋಗಿತ್ತು. ನಾನು ಹೋಗಿ ಬಿಚ್ಚಿಕೊಟ್ಟೆ. ಇಬ್ಬರೂ ಬಾಗಿಲ ಹತ್ತಿರ ಹೋದೆವು. ಅವಳು ನನ್ನ ಕೈ ಹಿಡಿದುಕೊಂಡಳು. ಚಿಲಕ ತೆಗೆದೆ. ಜಗಲಿಯ ಮೇಲೆ ಹಾಲಿನ ಪಾತ್ರೆ ಇತ್ತು, ಅದರ ಪಕ್ಕ ಒಂದು ಬೆಕ್ಕು ಇತ್ತು. ಅಷ್ಟೇ.

ನಡುಮನೆಗೆ ತಿರುಗಿ ಬಂದೆವು. ಅಕ್ಕ ಅಂಗಾತ ಮಲಗಿದ್ದಳು, ಕೈಗಳನ್ನು ಮೈಗೆ ಅಂಟಿಸಿಕೊಂಡು. ಕಣ್ಣು ತೆರೆದಿತ್ತು. ಜಂತೆಗಳನ್ನು ನೋಡುತ್ತಿದ್ದಳು.

"ಎಷ್ಟೊತ್ತಾಯ್ತು ಎಚ್ಚರ ಆಗಿ?" ಅಂದೆ.

"ಆಗ್ಲೇ." ತುಟಿ ಮಾತ್ರ ಆಡಿಸಿದಳು. "ಅಲ್ಲಾಡ್ಲಿಲ್ಲ. ಬಚ್ಚಲಿಗೆ ಅವಸರ ಆಗಿದೆ ಕಣೇ, ಪ್ರಾಣ ಹೋಗ್ತಾ ಇದೆ. ಎದ್ರೆ ಏನೂ ಆಗಲ್ವಾ?"

"ಏನೂ ಆಗಲ್ಲ."

"ನಿಂಗೆ ಗೊತ್ತಾ?"

ನಾನು ಅವಳ ಹೊದಿಕೆ ಸರಿಸಿದೆ. "ಏಳಕ್ಕಾ," ಅಂದೆ.

ಅವಳು ಒಂದು ಕಾಲನ್ನು ನೆಲಕ್ಕೆ ಇಳಿಸಿದಳು. ಕಾದಳು. ಇನ್ನೊಂದು ಕಾಲನ್ನು ಇಳಿಸಿದಳು. ಗೋಡೆ ಹಿಡಿದು ಎದ್ದುನಿಂತು ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸೀರೆ ನೆರಿಗೆ ಎತ್ತಿ ಹಿಡಿದು ಹಿತ್ತಲ ಕಡೆ ಓಡಿದಳು. ಓಡುವ ರಭಸಕ್ಕೆ ಅಡುಗೆಮನೆಯ ಕಂಬಕ್ಕೆ ಭುಜ ಬಡಿದುಕೊಂಡು, "ಹಾಳಾದ್ ಕಂಬ, ಯಾವನು ಇಟ್ಟನೋ ಇದನ್ನ ಇಲ್ಲಿ!" ಎಂದು ಬೈದುಕೊಂಡೇ ಹೋದಳು.